ಸಿರಿಲ್ ರೊಜಾರಿಯೊನ ಅಂಗೈ

ಗಿಟಾರಿನ ಹತ್ತಿರ ಯಾರೂ ಇರಲಿಲ್ಲ. ಅದರ ಆರು ತಂತಿಗಳನ್ನೂ ಬಿಚ್ಚಿ, ಸುರುಳಿ ಸುತ್ತಿ, ಮೇಜಿನ ಮೇಲಿಡಲಾಗಿತ್ತು. ಆದರೂ ಗಿಟಾರು ನುಡಿಯುತ್ತಿತ್ತು. ಬೆಂಗಳೂರಿನ ವಾದ್ಯ ಸಂಗ್ರಹಾಲಯದ ಪ್ರಯೋಗಶಾಲೆಯಲ್ಲಿ ಎಂಬತ್ತು ವರ್ಷ ಹಳೆಯದಾದ ಒಂದು ಕುಣಿತದ ಹಾಡು ಮೊದಲು ಕೆಮ್ಮುತ್ತ, ಆಮೇಲೆ ಗಂಟಲು ಸರಿಮಾಡಿಕೊಳ್ಳುತ್ತ, ಕೊನೆಗೆ ಕೂತವರ ಪಾದಗಳು ತಾವಾಗಿ ತಾಳ ಹಾಕುವಷ್ಟು ಚುರುಕಾಗಿ ಹರಿದುಬಂತು.

"ತಂತಿಯೇ ಇಲ್ಲದೆ ನುಡಿಯುತ್ತದಲ್ಲ, ಇದೇ ನಿಜವಾದ ನಿಸ್ತಂತು ವಾದ್ಯ," ಎಂದರು ಡಾ. ವಾಮನ ಹತ್ವಾರ್. ಹೊಸಬರು ಬಂದಾಗಲೆಲ್ಲ ಅವರು ಈ ಮಾತನ್ನು ಹೇಳುತ್ತಿದ್ದರು. ಹೊಸಬರು ನಗುತ್ತಿದ್ದರು. ಸಂಗ್ರಹಾಲಯದ ನಿರ್ದೇಶಕಿ ಅನಸೂಯಾ ಬೆಳ್ಳಿಯಪ್ಪ ಮಾತ್ರ ನಗುವುದನ್ನು ಎಂದೋ ಬಿಟ್ಟಿದ್ದರು.

ಗಿಟಾರಿನ ಹೊಟ್ಟೆಯ ಮೇಲೆ ಬಾಗಿದ್ದ ಯಂತ್ರದ ಹೆಸರು 'ಕಾಂತಸ್ಮೃತಿ ವಾಚಕ'. ಮರದ ಪೊಟರೆಯಲ್ಲಿ ನಾದ ತುಂಬಿಕೊಳ್ಳುವ ಸಾಮಾನ್ಯ ಗಿಟಾರಿನಂತಲ್ಲ ವಿದ್ಯುತ್ ಗಿಟಾರು. ಅದರದು ಗಟ್ಟಿ ಹಲಗೆಯ ಮೈ. ತಂತಿಗಳ ಕೆಳಗೆ ತಾಮ್ರದ ಎಳೆ ಸುತ್ತಿದ ಪುಟ್ಟ ಅಯಸ್ಕಾಂತಗಳಿರುತ್ತವೆ. ಉಕ್ಕಿನ ತಂತಿ ನಡುಗಿದಾಗ ಅಯಸ್ಕಾಂತದ ಬಲವೂ ಅಲುಗುತ್ತದೆ. ಆ ಅಲುಗಾಟವೇ ವಿದ್ಯುತ್ತಾಗಿ ಧ್ವನಿಪೆಟ್ಟಿಗೆಗೆ ಹೋಗಿ ಹಾಡಾಗುತ್ತದೆ. ಇಷ್ಟು ಎಲ್ಲರಿಗೂ ತಿಳಿದಿತ್ತು. ವಾಮನ ಹತ್ವಾರರು ಕಂಡುಕೊಂಡದ್ದು ಅದರ ಮುಂದಿನ ಸಂಗತಿ: ತಂತಿ ಮರೆತರೂ ಅಯಸ್ಕಾಂತ ಮರೆಯುವುದಿಲ್ಲ. ಸಾವಿರ ಕಾಲು ತುಳಿದ ಮೆಟ್ಟಿಲು ಸವೆದು ತಗ್ಗುವ ಹಾಗೆ, ಪ್ರತಿಯೊಂದು ನಡುಕವೂ ಅಯಸ್ಕಾಂತದ ಒಡಲಲ್ಲಿ ಕೂದಲೆಳೆಗಿಂತ ಸಣ್ಣ ಗುರುತೊಂದನ್ನು ಬಿಟ್ಟು ಹೋಗುತ್ತದೆ. ಒಂದರ ಮೇಲೊಂದು ಬಿದ್ದ ಆ ಗುರುತುಗಳನ್ನು ಈರುಳ್ಳಿ ಸುಲಿದಂತೆ ಪದರ ಪದರವಾಗಿ ಬಿಡಿಸಿ ಓದುವುದೇ ವಾಚಕದ ಕೆಲಸ. ವ್ಯತ್ಯಾಸ ಇಷ್ಟೇ, ಈರುಳ್ಳಿಯಲ್ಲಿ ಸುಲಿದವನ ಕಣ್ಣು ತೇವವಾಗುತ್ತದೆ, ಇಲ್ಲಿ ಕೇಳಿದವರದು.

ಯಂತ್ರ ಹಾಡನ್ನಷ್ಟೇ ಓದುತ್ತಿರಲಿಲ್ಲ, ನುಡಿಸಿದ ಕೈಯನ್ನೂ ಓದುತ್ತಿತ್ತು. ಮೀಟುವ ಬೆರಳಿನ ಒತ್ತಡ, ಅದು ತಂತಿಗೆ ತಾಗುವ ಓರೆ, ಒಂದು ತಂತಿಯಿಂದ ಇನ್ನೊಂದಕ್ಕೆ ಹಾಯುವಾಗಿನ ತಡ, ಇವು ಒಬ್ಬರಲ್ಲಿದ್ದಂತೆ ಇನ್ನೊಬ್ಬರಲ್ಲಿರುವುದಿಲ್ಲ ಎಂಬುದು ಹತ್ವಾರರ ಸಿದ್ಧಾಂತ. ಇದಕ್ಕೆ ಅವರಿಟ್ಟ ಹೆಸರು 'ಕೈಛಾಪು'. ಹಳೆಯ ಧ್ವನಿಮುದ್ರಣಗಳಿಂದ ತೆಗೆದ ಪ್ರಸಿದ್ಧ ವಾದಕರ ಕೈಛಾಪುಗಳೆಲ್ಲ ಹೋಲಿಕೆಗಾಗಿ ಯಂತ್ರದೊಳಗಿದ್ದವು. ರಾಕ್ ಅಂಡ್ ರೋಲ್ ಹುಟ್ಟಿದ ಕಾಲದ ಗಿಟಾರುಗಳೆಂದರೆ ಪ್ರಾಣ ಬಿಡುವ ಸಂಗ್ರಾಹಕರು ಲೋಕದ ಮೂಲೆಮೂಲೆಯಿಂದ ತಮ್ಮ ವಾದ್ಯಗಳನ್ನು ಅವರಲ್ಲಿಗೆ ಕಳಿಸುತ್ತಿದ್ದರು. ಇಂಥ ತಾರೆಯೇ ಇದನ್ನು ನುಡಿಸಿದ್ದು ಎಂದು ಹತ್ವಾರರು ರುಜು ಹಾಕಿದರೆ ಮುಗಿಯಿತು, ಅದಕ್ಕೆ ಮೇಲ್ಮನವಿ ಇರಲಿಲ್ಲ.

ಹಾಡು ಮುಗಿಯಿತು. ಪರದೆಯ ಮೇಲೆ ಒಂದು ಹೆಸರು ಮೂಡಿತು: ರಸ್ಟಿ ಹ್ಯಾಲೊರನ್.

ಬೆಳ್ಳಿಯಪ್ಪ ಎದ್ದೇ ನಿಂತರು. ರಸ್ಟಿ ಹ್ಯಾಲೊರನ್! ಹೆಸರಿನಲ್ಲೇ ತುಕ್ಕಿದ್ದರೂ ಕೀರ್ತಿಗೆ ಇಂದಿಗೂ ತುಕ್ಕು ಹಿಡಿಯದ ಅಮೆರಿಕದ ವಾದಕ. ಹರೆಯದಲ್ಲೇ ಕಾರು ಅಪಘಾತದಲ್ಲಿ ತೀರಿಕೊಂಡವನು. ಅವನ ಮೊದಲ ಗಿಟಾರು ಎಲ್ಲಿ ಹೋಯಿತೆಂದು ಯಾರಿಗೂ ತಿಳಿದಿರಲಿಲ್ಲ. "ಹತ್ವಾರ್, ನಾವು ಕಟ್ಟಿಸ್ತಿರೋ ಹೊಸ ಕಟ್ಟಡದ ಬಾಗಿಲಲ್ಲೇ ಇದನ್ನಿಡೋಣ. ಜನ ಬರ್ತಾರೆ ನೋಡಿ, ಮುಗಿಬೀಳ್ತಾರೆ!"

"ಏನ್ ಮ್ಯಾನ್, ನಮ್ಮಪ್ಪನ ಹೆಸರು ಯಾವಾಗ ಬದ್ಲಾಯ್ತು?"

ಮೂಲೆಯ ಕುರ್ಚಿಯಿಂದ ಬಂದ ಆ ಪ್ರಶ್ನೆ ಹೇಜಲ್ ರೊಜಾರಿಯೊ ಅವರದು. ಎಂಬತ್ತು ದಾಟಿದ ಆಂಗ್ಲೋ ಇಂಡಿಯನ್ ಹೆಂಗಸು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿ, ಅಲ್ಲೇ ಶಾಲೆಯ ಟೀಚರಾಗಿ, ಅಲ್ಲೇ ಉಳಿದವರು. ಊರಿಗೆಲ್ಲ ಹೇಜಲ್ ಮಿಸ್. ಗಿಟಾರು ಅವರದು. ಸಂಗ್ರಹಾಲಯಕ್ಕೆ ಅದನ್ನು ಸುಮ್ಮನೆ ಕೊಡಲು ಬಂದಿದ್ದರು. ಅವರು ಕೇಳಿದ್ದು ಒಂದೇ: ಅದರ ಕೆಳಗೆ ತಂದೆ ಸಿರಿಲ್ ರೊಜಾರಿಯೊನ ಹೆಸರಿರಬೇಕು.

"ಮಿಸ್, ನಿಮ್ಮ ತಂದೆಯವರ ಹತ್ತಿರ ಈ ಗಿಟಾರು ಇತ್ತು ಅನ್ನೋದನ್ನ ನಾನು ಅಲ್ಲಗಳೀತಿಲ್ಲ," ಎಂದರು ಹತ್ವಾರರು ಮೆಲ್ಲಗೆ. "ಅವರಿಗೆ ಇದು ಸಿಕ್ಕಿದ್ದು ಯಾರಿಂದ?"

"ಗಣಿಗೆ ಯಂತ್ರ ಜೋಡ್ಸೋಕೆ ಅಮೆರಿಕದಿಂದ ಒಬ್ಬ ಎಂಜಿನಿಯರ್ ಬಂದಿದ್ದ. ವಾಪಸ್ ಹೋಗೋವಾಗ ಬಿಟ್ಟುಹೋದ."

"ನೋಡಿ! ಅವನಿಗಿಂತ ಮುಂಚೆ ರಸ್ಟಿ ಕೈಯಲ್ಲಿ ಇದ್ದಿರಬೇಕು."

"ಅದ್ಯಾಕಪ್ಪಾ ಇರ್ಬೇಕು? ಈಗ ಕೇಳಿದ್ವಲ್ಲ, ಆ ಹಾಡನ್ನ ಅಪ್ಪ ಶನಿವಾರ ಶನಿವಾರ ಕ್ಲಬ್ಬಲ್ಲಿ ಬಾರಿಸ್ತಿದ್ರು. ನಾನು ಸ್ಟೇಜ್ ಪಕ್ಕ ಕೂತ್ಕೊಂಡು ಕೇಳ್ತಿದ್ದೆ. ಹಗಲೆಲ್ಲ ಕೂಲಿಗಳನ್ನ ಗಣಿಗೆ ಇಳ್ಸಿ ಎತ್ತೋ ತೊಟ್ಟಿಲಿನ ಎಂಜಿನ್ ನಡ್ಸೋರು, ಸಾಯಂಕಾಲ ಗಿಟಾರು. ಊರಲ್ಲಿ ಅವ್ರಿಗೆ ರೇಡಿಯೊ ಸಿರಿಲ್ ಅಂತ್ಲೇ ಹೆಸ್ರು. ರೇಡಿಯೊದಲ್ಲಿ ಕೇಳಿದ್ದು ಅಂಗಂಗೇ ಬರ್ತಿತ್ತು ಅವ್ರ ಕೈಯಲ್ಲಿ."

"ಹಾಡು ಹಾಗೇ ಬರಬಹುದು. ಆದರೆ ನನ್ನ ಯಂತ್ರ ಹಾಡು ನೋಡಲ್ಲ, ಕೈ ನೋಡುತ್ತೆ. ಸ್ವರ ಕದೀಬಹುದು, ಬೆರಳಿನ ಒತ್ತಡ ಕದಿಯೋಕಾಗಲ್ಲ."

"ಯಾಕಾಗಲ್ಲ? ಆ ರಸ್ಟಿ ಸಿನಿಮಾ ಬಂದಾಗ ಅಪ್ಪ ಎಷ್ಟ್ ಸಲ ಹೋಗ್ತಿದ್ರು ಗೊತ್ತಾ? ಅವ್ನು ತೋಳು ಹೆಂಗಿಡ್ತಾನೆ, ಮಣಿಕಟ್ಟು ಹೆಂಗೆ ಬಗ್ಗಿಸ್ತಾನೆ, ಎಲ್ಲಾ ನೋಡ್ಕೊಂಡು ಬಂದು ಕನ್ನಡಿ ಮುಂದೆ ನಿಂತ್ಕೊಳ್ಳೋರು. ಅಮ್ಮಂಗೆ ತಲೆ ಕೆಟ್ಟೋಗೋದು."

ಹತ್ವಾರರಿಗೆ ಈ ಮಾತು ಒಳಗೆಲ್ಲೋ ಚುಚ್ಚಿತು. ಯಾಕೆಂದರೆ ಅವರೂ ಅದೇ ಜಾತಿಯವರು. ಕಾಲೇಜಿನ ದಿನಗಳಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ಕಚೇರಿಗೆ ಫೋನು ಮಾಡಿ ರಜೆ ಘೋಷಿಸಿದ್ದರು; ರಜೆಯೆಂದು ಕೇಳಿ ಸ್ವತಃ ಪ್ರಿನ್ಸಿಪಾಲರೇ ಕೊಡೆ ಹಿಡಿದು ಮನೆಗೆ ಹೊರಟಿದ್ದರು. ಇಂದಿಗೂ ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳನ್ನು ನಗಿಸುವುದು ಅವರ ಅನುಕರಣೆಯೇ. ಇನ್ನೊಬ್ಬರ ದನಿ ಬಾಯಲ್ಲಿ ಬರಬೇಕಾದರೆ ಅವರ ದವಡೆ, ಉಸಿರು, ಕುತ್ತಿಗೆಯ ನರ ಎಲ್ಲವನ್ನೂ ಎರವಲು ಪಡೆಯಬೇಕೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಬಾಯಿಗೆ ಸಾಧ್ಯವಾದದ್ದು ಕೈಗೆ ಯಾಕಾಗಬಾರದು ಎಂಬ ಪ್ರಶ್ನೆ ಇಷ್ಟು ವರ್ಷ ತಮಗೆ ಯಾಕೆ ಹೊಳೆಯಲಿಲ್ಲ? ಹೊಳೆದಿತ್ತೇನೋ. ರುಜು ಹಾಕುವ ಕೈ ಅದನ್ನು ಪಕ್ಕಕ್ಕೆ ಸರಿಸಿತ್ತು.

"ಇನ್ನೊಂದೆರಡು ಪದರ ಬಿಡಿಸ್ತೀನಿ," ಎಂದರು ಅವರು.

ಬಿಡಿಸಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲಿದ್ದುದನ್ನು ನೋಡಿ ಅವರು ಯಂತ್ರವನ್ನು ಮೊದಲಿನಿಂದ ಮತ್ತೊಮ್ಮೆ ಓಡಿಸಿದರು. ಅದೇ ಪದರದಲ್ಲಿ, ಅಂದರೆ ಒಂದೇ ಸಂಜೆಯಲ್ಲಿ, ಮೊದಲ ಹಾಡಿಗೆ ರಸ್ಟಿ ಹ್ಯಾಲೊರನ್ನನ ಕೈ. ಎರಡನೆಯದಕ್ಕೆ ಅವನ ಕಡುವೈರಿಯಾಗಿದ್ದ ಇನ್ನೊಬ್ಬ ತಾರೆಯ ಕೈ. ಮೂರನೆಯದಕ್ಕೆ ಕುರುಡನೂ ಎಡಗೈಯವನೂ ಆದ ಮತ್ತೊಬ್ಬನದು. ಸತ್ತವರು, ಇದ್ದವರು, ಮಾತುಬಿಟ್ಟವರು ಎಲ್ಲರೂ ಒಂದೇ ಗಿಟಾರನ್ನು ಕೈಯಿಂದ ಕೈಗೆ ದಾಟಿಸುತ್ತ ಒಂದೇ ಸಂಜೆ ಕೂತು ನುಡಿಸಿದ್ದರೆಂದು ನಂಬಬೇಕು. ಇಲ್ಲವೇ ಅಷ್ಟೂ ಕೈಗಳು ಒಬ್ಬನವೇ ಎಂದು ಒಪ್ಪಬೇಕು.

ಹತ್ವಾರರು ಒಪ್ಪಿದರು. ಬೆಳ್ಳಿಯಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

"ನಿಮ್ಮ ಯಂತ್ರಕ್ಕೆ ಒಬ್ಬ ಮಿಮಿಕ್ರಿಯವನು ಟೋಪಿ ಹಾಕಿದ ಅಂತೀರಿ. ಸರಿ. ಹಾಗಾದ್ರೆ ಇಷ್ಟು ದಿನ ಕೊಟ್ಟ ದೃಢೀಕರಣಗಳ ಗತಿ?"

"ಎಲ್ಲಾ ವಾಪಸ್ ತಗೋಬೇಕು."

"ಅದು ನಿಮ್ಮ ತಲೆನೋವು. ನನಗಿರೋದು ಬೇರೆ. ರಸ್ಟಿ ಅಲ್ಲ ಅಂತಾಯ್ತು. ಸಿರಿಲ್ ಅಂತ ಹೇಗೆ ಬರೀಲಿ? ಇಲ್ಲಿ ಹತ್ತಾರು ಜನರ ಕೈ ಇದೆ. ಸಿರಿಲ್ ಅನ್ನೋರ ಕೈ ಯಾವುದು, ತೋರಿಸಿ."

ಹತ್ವಾರರು ತೋರಿಸಲಾರದೆ ಹೋದರು. ಹುಡುಕಿದ ಪ್ರತಿ ಪದರದಲ್ಲೂ ಪರದೆಗೆ ಯಾರಾದರೊಬ್ಬ ಪ್ರಖ್ಯಾತನ ಹೆಸರೇ ಬರುತ್ತಿತ್ತು. ಯಾರದೂ ಅಲ್ಲದ ಒಂದು ಮೀಟು, ಒಂದೇ ಒಂದು, ಎಲ್ಲೂ ಇರಲಿಲ್ಲ.

ಕ್ಯಾಂಟೀನಿನಲ್ಲಿ ಕಾಫಿಗೆ ಕೂತಾಗ ಇದನ್ನು ಹೇಳಲೇಬೇಕಾಯಿತು. ಹೇಜಲ್ ಮಿಸ್ ಕಾಫಿಯ ಲೋಟ ಕೈಗೆತ್ತಿಕೊಂಡರು, ಕುಡಿಯಲಿಲ್ಲ.

"ಅಮ್ಮ ಜಗಳ ಆಡೋವಾಗ ಒಂದು ಮಾತಂತಿದ್ರು," ಎಂದರು. "ಸಿರಿಲ್, ನಿನ್ನೊಳಗೆ ಎಲ್ರೂ ಇದಾರೆ, ನೀನೊಬ್ಬ ಇಲ್ಲ ಅಂತ. ಅಪ್ಪ ಸತ್ತಾಗ ನಾನಿನ್ನೂ ಒಂಬತ್ತರ ಹುಡುಗಿ. ಒಂದು ರೆಕಾರ್ಡಿಲ್ಲ. ಇರೋ ಫೋಟೋದಲ್ಲೂ ಕೂದ್ಲು, ಕಾಲರ್ರು ಯಾವ್ದೋ ಸಿನಿಮಾದವನ ಥರ. ನಿನ್ನ ಯಂತ್ರದ ಸುದ್ದಿ ಪೇಪರ್ನಲ್ಲಿ ನೋಡಿ, ಸಾಯೋದ್ರೊಳಗೆ ಒಂದ್ಸಲ ಅವ್ರೇ ಬಾರ್ಸಿದ್ದು ಕೇಳೋಣ ಅಂತ ಬಂದೆ. ಅಮ್ಮ ಹೇಳಿದ್ದೇ ಸರಿ ಆಯ್ತಲ್ಲ, ಮಗಾ."

ಆ ಮಾತನ್ನು ಹತ್ವಾರರಿಗೆ ತಡೆದುಕೊಳ್ಳಲಾಗಲಿಲ್ಲ. ಹೇಜಲ್ ಮಿಸ್ ಅವರನ್ನು ನಗಿಸಲು ತಮಗೆ ಗೊತ್ತಿದ್ದುದು ಒಂದೇ ವಿದ್ಯೆ. ಕುತ್ತಿಗೆ ನೆಟ್ಟಗೆ ಮಾಡಿ, ಇಲ್ಲದ ಕನ್ನಡಕ ಒರೆಸುತ್ತ, ಬೆಳ್ಳಿಯಪ್ಪನವರ ದನಿಯಲ್ಲಿ ಶುರುಮಾಡಿದರು: "ಹತ್ವಾರ್, ಈ ಕ್ಯಾಂಟೀನಿನ ವಡೆಯ ಕಾಲಮಾನ ನಿರ್ಧರಿಸಿ ನನಗೊಂದು ವರದಿ..."

ಹಿಂದಿನ ಮೇಜಿನಲ್ಲಿ ಯಾರದೋ ಕೈತಪ್ಪಿ ಸ್ಟೀಲಿನ ತಟ್ಟೆಗಳ ಒಟ್ಟಿಲು ನೆಲಕ್ಕೆ ಬಿತ್ತು.

"ಅಯ್ಯಬ್ಬ! ಎಂತದಾ ಅದ್!"

ಬಾಯಿಂದ ಹೊರಟದ್ದು ಬೆಳ್ಳಿಯಪ್ಪನವರ ದನಿಯಲ್ಲ. ಬೆಂಗಳೂರಿಗೆ ಬಂದು ಮೂವತ್ತು ವರ್ಷಗಳಲ್ಲಿ ಹತ್ವಾರರು ಬಾಯಿಯಿಂದ ತೊಳೆದು ಹಾಕಿದ್ದ ಅಪ್ಪಟ ಕುಂದಾಪುರ ಕನ್ನಡ. ಹೇಜಲ್ ಮಿಸ್ ಮೊದಲ ಬಾರಿಗೆ ನಕ್ಕರು.

"ಯಾರ್ ಮ್ಯಾನ್ ಅವ್ನು? ಇಲ್ಲಿಗಂಟ ಇರ್ಲೇ ಇಲ್ಲ!"

ಹತ್ವಾರರು ನಗಲಿಲ್ಲ. ಎದೆಯಿನ್ನೂ ಬಡಿಯುತ್ತಿತ್ತು. ಅನುಕರಣೆಯವನು ಬೆಚ್ಚಿಬಿದ್ದ ಗಳಿಗೆಯಲ್ಲಿ ಮಾತ್ರ ತಾನಾಗಿರುತ್ತಾನೆ. ಹೆದರಿಕೆಯನ್ನು ಯಾರಿಂದಲೂ ಎರವಲು ತರಲಾಗುವುದಿಲ್ಲ.

"ಮಿಸ್, ನಿಮ್ಮ ತಂದೆ ನುಡಿಸ್ತಾ ಇರೋವಾಗ ಯಾವತ್ತಾದ್ರೂ ಬೆಚ್ಚಿ ಬಿದ್ದಿದ್ದುಂಟಾ? ಏನಾದ್ರೂ ಒಡೆದು, ಯಾರಾದ್ರೂ ಕೂಗಿ?"

ಹೇಜಲ್ ಮಿಸ್ ಲೋಟ ಕೆಳಗಿಟ್ಟರು. "ನಮ್ಮೂರಲ್ಲಿ ರಾಕ್ ಅಂಡ್ ರೋಲ್ ಎರಡಿತ್ತು ಡಾಕ್ಟರೇ. ಮೇಲೊಂದು, ಕೆಳಗೊಂದು. ಕೆಳಗಿಂದ್ರಲ್ಲಿ ಬಂಡೆ ನಿಜವಾಗ್ಲೂ ಉರುಳ್ತಿತ್ತು."

ಮೈಲಿಗಟ್ಟಲೆ ಆಳದಲ್ಲಿ ಬಂಡೆಯ ಮೇಲೆ ಬಂಡೆಯ ಭಾರ. ನಡುವೆ ಅದಿರು ತೆಗೆದ ಪೊಳ್ಳು. ಒತ್ತಡ ತಾಳದೆ ಬಂಡೆ ಒಮ್ಮೆಗೇ ಸಿಡಿಯುತ್ತಿತ್ತು. ಊರಿನವರು ಅದನ್ನು 'ಏರ್ ಬ್ಲಾಸ್ಟ್' ಎನ್ನುತ್ತಿದ್ದರು. ಮೇಲಿನ ಮನೆಗಳ ಪಾತ್ರೆ ಉರುಳುತ್ತಿದ್ದವು, ಗೋಡೆ ಬಿರಿಯುತ್ತಿತ್ತು. ಕ್ಲಬ್ಬಿನ ವಾದ್ಯದವರಲ್ಲಿ ಅದಕ್ಕೊಂದು ಕಟ್ಟಳೆಯಿತ್ತು: ನೆಲ ನಡುಗಿದೊಡನೆ ಅಂಗೈಯನ್ನು ತಂತಿಗಳ ಮೇಲೆ ಅದುಮಿ ನಾದ ನಿಲ್ಲಿಸಬೇಕು. ಯಾರೂ ಮಾತಾಡುವಂತಿಲ್ಲ. ಕಿವಿ ಎಲ್ಲ ಗಣಿಯ ಸೈರನ್ನಿನ ಕಡೆಗೆ. ಕೂಲಿಗಳ ಲೈನುಮನೆಗಳಲ್ಲಿ ಅದಕ್ಕೆ ಸಂಗು ಎನ್ನುತ್ತಿದ್ದರು. ಸಂಗು ಕೂಗದಿದ್ದರೆ ಯಾರಿಗೂ ಏನೂ ಆಗಿಲ್ಲ. ಹಾಡನ್ನು ಮೊದಲಿನಿಂದ ಎತ್ತಿಕೊಳ್ಳಬೇಕು. ಕೂಗಿದರೆ ಗಿಟಾರು ಪೆಟ್ಟಿಗೆಗೆ, ಕೆಳಗೆ ಸಿಕ್ಕಿಬಿದ್ದವರನ್ನು ಮೇಲೆತ್ತಲು ಸಿರಿಲ್ ಓಡುತ್ತ ಎಂಜಿನ್ ಮನೆಗೆ.

"ನೀವು ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಹಾಡಿನ ಬಗ್ಗೆ ಕೇಳ್ದೆ. ನಿಲ್ಸಿದ್ರ ಬಗ್ಗೆ ಕೇಳ್ಲಿಲ್ಲ."

ಅಲ್ಲಿತ್ತು ಯಂತ್ರದ ದೋಷ. ವಾಚಕದ ಬಾಯಲ್ಲಿ ಹತ್ವಾರರು ಒಂದು ಜರಡಿ ಕೂರಿಸಿದ್ದರು. ಸಂಗೀತವಲ್ಲದ್ದು, ಅಂದರೆ ನೆಲದ ಗುಡುಗುಡು, ತಂತಿ ಸುಮ್ಮನಿದ್ದಾಗಿನ ಸಣ್ಣ ಅಲುಗಾಟ, ಎಲ್ಲವನ್ನೂ ಅದು ಕಸವೆಂದು ಸೋಸಿ ಎಸೆಯುತ್ತಿತ್ತು. ಹಾಡಿಗಾಗಿ ಕಟ್ಟಿದ ಯಂತ್ರ ಮೌನವನ್ನು ಗುಡಿಸಿ ಹಾಕುತ್ತಿತ್ತು. ಹತ್ವಾರರು ಜರಡಿಯನ್ನು ತೆಗೆದರು. ಆರು ತಂತಿಗಳೂ ಯಾರೂ ಮೀಟದೆ ಒಮ್ಮೆಗೇ ನಡುಗಿದ ಗಳಿಗೆಗಳನ್ನು ಹುಡುಕಲು ಯಂತ್ರಕ್ಕೆ ಹೇಳಿದರು.

ಯಂತ್ರ ಹುಡುಕಿಕೊಟ್ಟಿತು. ಒಂದಲ್ಲ, ಹಲವು.

ಮೊದಲನೆಯದನ್ನು ಹಾಕಿದಾಗ ಪ್ರಯೋಗಶಾಲೆಯಲ್ಲಿದ್ದವರು ಹತ್ವಾರರು, ಹೇಜಲ್ ಮಿಸ್ ಮತ್ತು ಬೆಳ್ಳಿಯಪ್ಪ. ರಸ್ಟಿಯ ಕೈಯಲ್ಲಿ ಹಾಡು ಕುಣಿಯುತ್ತಿತ್ತು. ನಡುವೆ, ಎಲ್ಲೋ ಪಾತಾಳದಲ್ಲಿ ಯಾರೋ ದೊಡ್ಡ ಬಾಗಿಲನ್ನು ಬಡಿದಂತೆ, ಒಂದು ಸದ್ದು. ತಂತಿಗಳು ತಾವಾಗಿ ಮುಲುಗಿದವು. ಟಪ್ಪೆಂದು ಅಂಗೈ ಬಿತ್ತು. ಆಮೇಲೆ ಏನೂ ಇಲ್ಲ.

"ಅಮೆರಿಕದಲ್ಲಿದ್ದ ರಸ್ಟಿ ಕೋಲಾರದ ನೆಲ ನಡುಗಿದ್ದಕ್ಕೆ ನಿಲ್ಲಿಸಲಾರ," ಎಂದರು ಬೆಳ್ಳಿಯಪ್ಪ ಪಿಸುದನಿಯಲ್ಲಿ. "ಒಪ್ಪಿದೆ."

"ಶ್ಶ್. ಮುಗಿದಿಲ್ಲ ಮೇಡಂ," ಎಂದು ಹತ್ವಾರರು ದನಿಯ ಮಟ್ಟವನ್ನು ಏರಿಸಿದರು.

ಏನೂ ಇಲ್ಲದ ಆ ಜಾಗದಿಂದ ಏನೋ ಬರುತ್ತಿತ್ತು. ದಬ್, ದಬ್. ಮತ್ತೆ ದಬ್, ದಬ್. ಅವಸರದಲ್ಲಿತ್ತು. ತಂತಿಗಳ ಮೇಲೆ ಬಲವಾಗಿ ಒತ್ತಿದ ಅಂಗೈಯಲ್ಲಿ ನೆತ್ತರು ಹಾಯುವಾಗಲೆಲ್ಲ ತಂತಿ ಎಳ್ಳಷ್ಟು ಅಲುಗಿತ್ತು. ಅದನ್ನೂ ಬಿಡದೆ ಅಯಸ್ಕಾಂತ ನೆನಪಿಟ್ಟುಕೊಂಡಿತ್ತು. ಅದು ಸಿರಿಲ್ ರೊಜಾರಿಯೊನ ನಾಡಿ. ಎಂಜಿನ್ ಮನೆಗೆ ಓಡಬೇಕೋ ಬೇಡವೋ ಎಂದು ಸಂಗಿಗಾಗಿ ಕಾಯುತ್ತಿದ್ದ ಮನುಷ್ಯನ ಎದೆ.

ಹೇಜಲ್ ಮಿಸ್ ಕುರ್ಚಿಯಿಂದ ಮುಂದಕ್ಕೆ ಬಾಗಿದ್ದರು. ಬಡಿತ ನಿಧಾನವಾಗುತ್ತ ಬಂತು. ಸಂಗು ಕೂಗಿರಲಿಕ್ಕಿಲ್ಲ, ಅಂಗೈ ಸಡಿಲವಾಯಿತು, ಹಾಡು ಮೊದಲಿನಿಂದ ಶುರುವಾಯಿತು. ಹತ್ವಾರರು ಅದನ್ನು ನಿಲ್ಲಿಸಿದರು.

"ಆ ಎದೆ ಬಡ್ಕೊಂತಲ್ಲ," ಎಂದರು ಹೇಜಲ್ ಮಿಸ್. "ಅದನ್ನ ಯಾರನ್ನ ನೋಡಿ ಕಲ್ತ್ರು ಅಂತ ಕೇಳು ನಿನ್ನ ಯಂತ್ರಾನ."

ಹತ್ವಾರರು ಕೇಳಿದರು. ತಾರೆಯರ ಕೈಗಳನ್ನೆಲ್ಲ ಜಾಲಾಡಿದ ಯಂತ್ರ, ಸೋತಾಗ ಮಾತ್ರ ತೋರಿಸುತ್ತಿದ್ದ ಎರಡು ಪದಗಳನ್ನು ಪರದೆಯ ಮೇಲೆ ತೋರಿಸಿತು: ಹೋಲಿಕೆ ಇಲ್ಲ.

ಆ ಎರಡು ಪದಗಳನ್ನು ಹೇಜಲ್ ಮಿಸ್ ಬಹಳ ಹೊತ್ತು ಓದುತ್ತಿದ್ದರು.

ಮುಂದಿನ ತಿಂಗಳುಗಳು ಹತ್ವಾರರಿಗೆ ಸುಖದವಾಗಿರಲಿಲ್ಲ. ತಾವು ಕೊಟ್ಟ ರುಜುಗಳನ್ನೆಲ್ಲ ಅವರು ಹಿಂತೆಗೆದುಕೊಂಡರು. ಸಂಗ್ರಾಹಕರು ಬೈದರು, ಕೆಲವರು ಹೊಸ ಪರೀಕ್ಷೆಗೆ ವಾದ್ಯಗಳನ್ನು ಮತ್ತೆ ಕಳಿಸಿದರು. ಅದರಲ್ಲೊಂದು ನಿಜವಾಗಿಯೂ ರಸ್ಟಿಯದೇ. ಅಂದಿನ ಪತ್ರಿಕೆಗಳು ಬರೆದಿದ್ದಂತೆ, ವೇದಿಕೆಯಲ್ಲಿ ದೀಪ ಸಿಡಿದು ಅವನು ಬೆಚ್ಚಿದ್ದ ಗಳಿಗೆ ಅದರಲ್ಲಿ ಸಿಕ್ಕಿತು. ಅಲ್ಲಿದ್ದ ಕೈ ಅವನ ಪ್ರಸಿದ್ಧ ಕೈಯಲ್ಲವೇ ಅಲ್ಲ, ಅಂಜುಬುರುಕ ಹಳ್ಳಿ ಹುಡುಗನೊಬ್ಬನದು. ರಸ್ಟಿಯೂ ಯಾರದೋ ಹಾಗೆ ನುಡಿಸುತ್ತಿದ್ದ. ಯಾರ ಹಾಗೆ ಎಂಬುದು ಲೋಕಕ್ಕೆ ತಿಳಿಯದೆ ಹೋಯಿತು.

ಹೊಸ ಕಟ್ಟಡ ತೆರೆಯಿತು. ಬೆಳ್ಳಿಯಪ್ಪ ಮಾತು ಉಳಿಸಿಕೊಂಡರು. ಬಾಗಿಲ ಬಳಿಯೇ ಗಿಟಾರು, ಕೆಳಗೆ ಸಿರಿಲ್ ರೊಜಾರಿಯೊನ ಹೆಸರು. ಜನ ಮುಗಿಬೀಳುವುದು ಅನುಮಾನ ಎಂದುಕೊಂಡಿದ್ದರು. ಆದರೆ ಎರಡನೆಯ ವಾರ ಕೋಲಾರದ ಕಡೆಯ ಬಸ್ಸೊಂದು ಬಂದು ನಿಂತಿತು. ಇಳಿದವರಾರೂ ಸಂಗೀತ ಕೇಳುವವರ ಹಾಗಿರಲಿಲ್ಲ. ಮುಂದೆ ಬಂದ ಮುದುಕಿಯ ಹೆಸರು ಪಳನಿಯಮ್ಮಾಳ್, ಲೈನುಮನೆಯಲ್ಲಿ ಹುಟ್ಟಿದವಳು. ಅವಳ ಮುಖದಲ್ಲಿದ್ದುದು ಕುತೂಹಲವಲ್ಲ, ಸಿಟ್ಟು.

"ಕ್ಲಬ್ಬಲ್ಲಿ ಬಾರಿಸ್ತಿದ್ದ ಗಿಟಾರು ಇದೇನಾ ಸಾಮಿ?"

"ಹೌದಮ್ಮಾ," ಎಂದರು ಹತ್ವಾರರು.

"ನಮ್ಮಪ್ಪ ಶನಿವಾರ ಸಾಯಂಕಾಲ ಕೆಳಗೆ ಕಲ್ಲಡಿ ಹೋದ್ರು. ನಾನಾವಾಗ ಅಮ್ಮನ ಸೊಂಟದ ಮೇಲಿದ್ದೆ. ನಮ್ಮಮ್ಮ ಸಾಯೋಗಂಟ ಒಂದೇ ಮಾತು: ನಿಮ್ಮಪ್ಪ ಅಲ್ಲಿ ಉಸಿರು ಬಿಡ್ತಿದ್ರೆ ಕ್ಲಬ್ಬಲ್ಲಿ ದೊರೆಗಳು ಕುಣೀತಿದ್ರು ಅಂತ. ಲೈನುಗಂಟ ಅವ್ರ ಹಾಡು, ಆ ಪಾಟ್ಟು, ಕೇಳ್ತಿತ್ತಂತೆ." ಅವಳು, ಅಂದು ಗಿಟಾರು ನೋಡಲು ಬಂದು ಪಕ್ಕದ ಬೆಂಚಿನಲ್ಲಿ ಕೂತಿದ್ದ ಹೇಜಲ್ ಮಿಸ್ ಕಡೆಗೆ ತಿರುಗಿದಳು. "ನಿಮ್ಮಪ್ಪಾರೇನಾ ಬಾರಿಸ್ತಿದ್ದಿದ್ದು?"

"ಅವ್ರೇ," ಎಂದರು ಹೇಜಲ್ ಮಿಸ್. ಈ ದೂರನ್ನು ಅವರು ಶಾಲೆಯ ಅಂಗಳದಲ್ಲಿ, ಸಂತೆಯಲ್ಲಿ ಬಾಲ್ಯದಿಂದ ಕೇಳಿದ್ದರು.

ಹತ್ವಾರರು ಪಳನಿಯಮ್ಮಾಳನ್ನು ಅದೇ ಬೆಂಚಿನಲ್ಲಿ ಕೂರಿಸಿ ಕಿವಿಗೆ ಧ್ವನಿಕವಚ ತೊಡಿಸಿದರು. ಇನ್ನೊಂದು ಜೊತೆಯನ್ನು ತಾವು ಹಾಕಿಕೊಂಡರು. ನೆಲದ ಬಡಿತದ ಹಿಂದೆ ಸಂಗಿನ ಕೂಗಿಗೂ ತಂತಿಗಳು ಅಲುಗಿದ್ದ ಗಳಿಗೆಗಳು ಕೆಲವಿದ್ದವು. "ಇದರಲ್ಲಿ ನಿಮ್ಮ ತಂದೆಯವರ ದಿನ ಯಾವುದು ಅಂತ ನಾನು ಹೇಳಲಾರೆ ಅಮ್ಮಾ. ಅಯಸ್ಕಾಂತಕ್ಕೆ ತಾರೀಕು ಗೊತ್ತಾಗಲ್ಲ," ಎಂದರು. ಒಮ್ಮೆ ಸುಳ್ಳು ರುಜು ಹಾಕಿದವರು ಇನ್ನೊಮ್ಮೆ ಹಾಕಲು ಸಿದ್ಧರಿರಲಿಲ್ಲ.

"ಎಲ್ಲಾ ಹಾಕಿ."

ಅವರು ಎಲ್ಲವನ್ನೂ ಹಾಕಿದರು. ಹಾಡು, ನೆಲದ ಬಡಿತ, ಅಂಗೈ, ಕಾಯುವ ನಾಡಿ, ಸಂಗಿನ ನಡುಕ, ಆಮೇಲೆ ಏನೂ ಇಲ್ಲ. ಮತ್ತೊಂದು ಹಾಡು, ಬಡಿತ, ಅಂಗೈ. ಪಳನಿಯಮ್ಮಾಳ್ ಪ್ರತಿಯೊಂದರಲ್ಲೂ ಹಾಡು ಮತ್ತೆ ಎದ್ದೀತೆಂದು ಕಾದಳು. ಎದ್ದಿದ್ದರೆ ಅಮ್ಮನ ಮಾತು ನಿಜವಾಗುತ್ತಿತ್ತು. ಎಲ್ಲೂ ಏಳಲಿಲ್ಲ. ಕೊನೆಯದು ಮುಗಿದಾಗ ಅವಳು ಕವಚ ತೆಗೆಯಲಿಲ್ಲ.

"ಯಾವ್ ದಿನದ್ದಾದ್ರೂ ಸರಿ," ಎಂದಳು. "ಎಲ್ಲದ್ರಲ್ಲೂ ನಿಲ್ಸವ್ರೆ."

ಹೇಜಲ್ ಮಿಸ್ ತಲೆಯಾಡಿಸಿದರು.

"ನಮ್ಮಮ್ಮ ಇದನ್ನ ಕೇಳ್ದಲೇ ಹೋಗ್ಬಿಟ್ಲು ಮಿಸ್ಸಮ್ಮ."

ಬೆಂಚಿನಲ್ಲಿ ಹೇಜಲ್ ಮಿಸ್ ಅವಳ ಹತ್ತಿರಕ್ಕೆ ಸರಿದು ಕೂತರು. ಬಸ್ಸಿನಿಂದ ಇಳಿದವರು ಬಾಗಿಲವರೆಗೂ ಸದ್ದಿಲ್ಲದೆ ಸಾಲುಗಟ್ಟಿದ್ದರು. ಇನ್ನೊಮ್ಮೆ ಕೇಳುತ್ತೀರಾ ಎಂದರು ಹತ್ವಾರರು.

"ಹಾಕಿ ಸಾಮಿ," ಎಂದಳು ಪಳನಿಯಮ್ಮಾಳ್. "ಪಾಟ್ಟು ಬೇಡ. ಅದ್ ನಿಂತ್ಮೇಲಿಂದು ಹಾಕಿ."